ಸೆರಗಿನ ಗಂಟಿನಲ್ಲಿ ವ್ಯಾನಿನ ಕೀಲಿ

ನಮ್ಮ ಮನೆಯ ಬಾಗಿಲು ತೆರೆದರೆ ಎದುರಿಗೆ ಸಿಗುತ್ತಿದ್ದುದು ಮಗ್ಗ. ಬಂದವರು ಕೂರಲು ಪಡಸಾಲೆ, ಜಗುಲಿ ಅಂತ ಏನೂ ಇರಲಿಲ್ಲ. ತಮಿಳುನಾಡಿನ ಪಲ್ಲಡಂ ಪಕ್ಕದ ನಮ್ಮ ಬೀದಿಯಲ್ಲಿ ಎಲ್ಲರ ಮನೆಯೂ ಹಾಗೇ. ಮುಂದೆ ತಗಡಿನ ಸೂರಿನ ಉದ್ದನೆಯ ಕೊಠಡಿ, ಅದರಲ್ಲಿ ಕರೆಂಟಿನ ಮಗ್ಗಗಳು, ಅವು ಬಿಟ್ಟುಕೊಟ್ಟ ಜಾಗದಲ್ಲಿ ನಾವು. ನಮ್ಮಲ್ಲಿ ನಾಲ್ಕು ಮಗ್ಗಗಳಿದ್ದವು. ಅವುಗಳ ಹಿಂದೆ ಒಂದು ಕೋಣೆ, ಅದರಲ್ಲಿ ಅಪ್ಪ, ಅವ್ವ, ಅತ್ತೆ, ನಾನು ನಾಲ್ವರೂ ಮಲಗಬೇಕು. ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಬೆಳಿಗ್ಗೆ ಆರಕ್ಕೆ ಸದ್ದು ಶುರುವಾದರೆ ಗೂಡಿನಲ್ಲಿದ್ದ ಪಾತ್ರೆಗಳೂ ದಿನವಿಡೀ ಸಣ್ಣಗೆ ಅದುರುತ್ತಲೇ ಇರುತ್ತಿದ್ದವು. ಮಾತನಾಡಬೇಕಾದರೆ ಕೂಗಬೇಕು. ಇವತ್ತಿಗೂ ನಾನು ಫೋನಿನಲ್ಲಿ ಕೂಗುತ್ತೇನೆ ಎಂದು ಮಗಳು ಬೈಯುತ್ತಾಳೆ. ಬೈಯಲಿ, ಈ ವಯಸ್ಸಿನಲ್ಲಿ ಗಂಟಲನ್ನು ತಿದ್ದಿಕೊಳ್ಳುವಷ್ಟು ತ್ರಾಣ ನನಗಿಲ್ಲ. ಮನೆಯೊಳಗೆ ಕೂಗುತ್ತಿದ್ದುದು ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಕೊಳ್ಳೇಗಾಲದ ಕಡೆಯವನಾದ ಗಂಡನಿಂದ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಓಡುವ ಯಂತ್ರಕ್ಕೆ ಯಾರೂ ಕೈ ಹಾಕಬಾರದು. ಮಗ್ಗದ ಮನೆಗಳಲ್ಲೆಲ್ಲ ಹೇಳುವ ಮಾತೇ ಇದು, ಆದರೆ ನಮ್ಮಲ್ಲಿ ಅದನ್ನು ಕಾಯಲು ಅತ್ತೆ ಇದ್ದಳು. ಅಪ್ಪನ ಅಕ್ಕ. ಮಗ್ಗದಲ್ಲಿ ಏನೇ ಕೆಟ್ಟರೂ, ಬರೀ ಲಾಳಿ ಸಿಕ್ಕಿಕೊಂಡರೂ, ಅವಳು ಮೊದಲು ಗೋಡೆಯ ಹತ್ತಿರ ಹೋಗಿ ಪಿಂಗಾಣಿಯ ಫ್ಯೂಸನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ರಿಪೇರಿ ಮುಗಿದು ಮನೆಯವರೆಲ್ಲ ಎರಡೂ ಕೈ ಎತ್ತಿ ತೋರಿಸಿದ ಮೇಲೆಯೇ ಗಂಟು ಬಿಚ್ಚುವುದು. ಎಲ್ಲರೂ ಎಂದರೆ ಎಲ್ಲರೂ. ಅಡುಗೆಮನೆಯಲ್ಲಿ ಸಜ್ಜೆ ಹಿಟ್ಟು ಕಲಸುತ್ತಿದ್ದ ಅವ್ವನೂ ಬಂದು ಹಿಟ್ಟಿನ ಕೈ ಎತ್ತಬೇಕು. ಅವ್ವನಿಗೆ ಇದರಿಂದ ಮೈಯೆಲ್ಲ ಉರಿ.

"ನಾನು ಒಲೆ ಮುಂದೆ ಕುಂತಿದ್ರೆ ನನ್ನ ಕೈ ಅಲ್ಲಿಗೆ ಎಂಗೆ ಬತ್ತದೆ ಅತ್ತಿಗೆ?"

"ಬರಲ್ಲ, ಗೊತ್ತು. ತೋರ್ಸಿಬುಟ್ಟು ಓಗು."

ಅತ್ತೆಯ ಬಲಗೈಯಲ್ಲಿ ಮೂರೇ ಬೆರಳುಗಳಿದ್ದವು. ಅವಳು ಹದಿಮೂರು ವರ್ಷದವಳಿದ್ದಾಗ ಒಂದು ದಿನ ಕರೆಂಟು ಹೋಗಿ ಮಗ್ಗ ನಿಂತಿತ್ತು. ಪಕ್ಕದ ಹಲ್ಲುಚಕ್ರಕ್ಕೆ ಸುತ್ತಿಕೊಂಡಿದ್ದ ನೂಲು ಬಿಡಿಸಲು ಕೈ ಹಾಕಿದ್ದಾಳೆ, ಅಷ್ಟರಲ್ಲಿ ಕರೆಂಟು ಬಂತು. ಹತ್ತು ವರ್ಷದ ತಮ್ಮ ಬಂತು ಬಂತು ಎಂದು ಕೂಗುತ್ತಾ ಹೋಗಿ ಸ್ವಿಚ್ಚು ಒತ್ತಿದ. ಆ ತಮ್ಮನೇ ನನ್ನ ಅಪ್ಪ. ಇದೇನೂ ಗುಟ್ಟಾಗಿರಲಿಲ್ಲ, ಬೀದಿಗೆಲ್ಲ ಗೊತ್ತಿತ್ತು. ಮನೆಯೊಳಗೆ ಮಾತ್ರ ಆ ಮಾತು ಬರುತ್ತಿರಲಿಲ್ಲ. ಅತ್ತೆಗೆ ಮದುವೆಯಾಗಲಿಲ್ಲ, ಮೂರು ಬೆರಳಿನಲ್ಲೇ ಎರಡು ಮಗ್ಗ ನೋಡಿಕೊಂಡು ನಮ್ಮೊಂದಿಗೇ ಉಳಿದಳು. ತಮ್ಮನನ್ನು ಒಂದು ದಿನ ಬೈದವಳಲ್ಲ. ಬೈಯುವುದಿರಲಿ, ಅವನು ಏನು ಕೇಳಿದರೂ ಇಲ್ಲ ಎಂದವಳೂ ಅಲ್ಲ. ಅದು ಅಪ್ಪನಿಗೆ ಎಂಥ ಹಿಂಸೆಯಾಗಿತ್ತು ಎಂದು ಆಗ ನನಗೆ ತಿಳಿಯಲಿಲ್ಲ. ಅವನು ಅಕ್ಕನ ಹತ್ತಿರ ಏನನ್ನೂ ಕೇಳುತ್ತಲೇ ಇರಲಿಲ್ಲ. ಊಟಕ್ಕೆ ಕೂತಾಗ ಹುರುಳಿ ಸಾರಿಗೆ ಉಪ್ಪು ಕಡಿಮೆಯಾಗಿ, ಉಪ್ಪಿನ ಭರಣಿ ಅತ್ತೆಯ ಪಕ್ಕದಲ್ಲಿದ್ದರೆ, ಹಾಗೇ ಸಪ್ಪೆ ಉಂಡು ಏಳುತ್ತಿದ್ದ. ಅವಳು ಕೇಳದೆಯೇ ಭರಣಿ ತಳ್ಳಿದರೆ ತಲೆ ತಗ್ಗಿಸಿ ಒಂದು ಚಿಟಿಕೆ ತೆಗೆದುಕೊಳ್ಳುತ್ತಿದ್ದ.

ಅಪ್ಪನ ಎಡಗಾಲು ಪೋಲಿಯೋದಿಂದ ಸಣ್ಣಗಾಗಿತ್ತು. ಮಗ್ಗ ಓಡಿಸುವವನು ದಿನವಿಡೀ ನಿಂತೇ ಇರಬೇಕು. ಈ ಮಗ್ಗದಿಂದ ಆ ಮಗ್ಗಕ್ಕೆ ಎಳೆಯುತ್ತಾ ನಡೆದು ಸಂಜೆಯ ಹೊತ್ತಿಗೆ ಅವನ ಸೊಂಟ ಮರದ ಹಾಗಾಗುತ್ತಿತ್ತು. ಅವ್ವ ಕಾಂಗೇಯದ ಗಾಣದ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಸೈಕಲ್ಲು ಅವನಿಂದ ಆಗದು, ಸ್ಕೂಟರೂ ಆಗದು. ಬೇರೆಯವರ ಬಂಡಿಯ ಹಿಂದೆ ಕೂತು ಹೋಗುವುದೇ ಅವನ ಪಾಲಿಗಿದ್ದದ್ದು. ಹೀಗಿರುವಾಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಮೂಲೆಯಲ್ಲಿ ಒಂದು ಹಳೆಯ ವ್ಯಾನು ಬಿದ್ದಿದೆ ಎಂದು ಯಾರೋ ಹೇಳಿದರು. ವಿದೇಶದ ಅತಿಥಿಗಳನ್ನು ಕರೆತರಲು ಆಸೆಪಟ್ಟು ತರಿಸಿಕೊಂಡಿದ್ದರಂತೆ. ಈಗ ಬಣ್ಣ ಸುಲಿದು ಯಾರಿಗೂ ಬೇಡವಾಗಿತ್ತು. ಡ್ರೈವರುಗಳು ಅದನ್ನು ಮುಟ್ಟುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಕ್ಲಚ್ಚು ಇರಲಿಲ್ಲ, ಗೇರು ತಾನೇ ಬದಲಾಗುತ್ತಿತ್ತು. ಬೇರೆಯವರು ಬೇಡವೆಂದ ಕಾರಣಕ್ಕೇ ಅಪ್ಪನ ಕಿವಿ ನೆಟ್ಟಗಾಯಿತು. ಎಡಗಾಲಿಗೆ ಕೆಲಸವೇ ಇಲ್ಲದ ಬಂಡಿ! ಅದನ್ನು ಕೊಳ್ಳಲು ಎರಡು ಮಗ್ಗ ಮಾರಬೇಕಿತ್ತು. ಅದರಲ್ಲಿ ಒಂದು ಅತ್ತೆ ನೋಡಿಕೊಳ್ಳುತ್ತಿದ್ದ ಮಗ್ಗ. ನನಗೆ ನೆನಪಿರುವಂತೆ ಅಪ್ಪ ಅಕ್ಕನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದು ಸಲ.

"ಅಕ್ಕಾ, ನಿಂದು ಮಗ್ಗ..."

"ಮಾರಿಬುಡು ರಂಗಾ," ಅಂದಳು ಅತ್ತೆ, ಅವನು ಮುಗಿಸುವ ಮೊದಲೇ.

ಆಮೇಲೆ ಅವಳು ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಬಟ್ಟೆ ಒಗೆದಳು. ಒಗೆದದ್ದನ್ನೇ ಒಗೆಯುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಮುಖದಲ್ಲಿ ವ್ಯಾನು ಸಿಕ್ಕ ಸಂತೋಷ ಒಂಚೂರೂ ಇರಲಿಲ್ಲ.

ವ್ಯಾನು ಬಂದು ನಿಂತದ್ದು ಎರಡು ಮಗ್ಗ ಎದ್ದುಹೋದ ಜಾಗದಲ್ಲೇ. ಮುಂದಿನ ಗೋಡೆ ಸ್ವಲ್ಪ ಒಡೆದು ಬಾಗಿಲು ಅಗಲ ಮಾಡಿದರು. ಹೀಗಾಗಿ ನಮ್ಮ ಮನೆಯೊಳಗೆ ಎರಡು ಮಗ್ಗ, ಒಂದು ವ್ಯಾನು, ನಾಲ್ಕು ಜನ. ಸ್ಕೂಲಿನ ಹುಡುಗಿಯರು ನಕ್ಕರು. ಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅತ್ತೆ ಕರ್ಪೂರದ ತಟ್ಟೆಯನ್ನು ವ್ಯಾನಿಗೆ ತೋರಿಸಿ ಆಮೇಲೆ ಅಪ್ಪನ ಮುಂದೆ ಹಿಡಿದಳು.

"ನಾನು ನಿನ್ನ ಇಷ್ಟು ದಿನ ಒಂದೂ ಕೇಳ್ದವಳಲ್ಲ ರಂಗಾ. ಇದೊಂದು ಕೇಳ್ತೀನಿ. ಈ ವಂಡಿ ಓಡ್ತಾ ಇರುವಾಗ ಅದ್ರೊಳಗೆ ಒಬ್ರ ಕೈಯೂ ಓಗ್ಬಾರ್ದು. ನಿಂದೂ ಬ್ಯಾಡ, ಮೆಕ್ಯಾನಿಕ್ಕಿಂದೂ ಬ್ಯಾಡ."

ಅಪ್ಪ ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಸತ್ಯ ಮಾಡಿದ. ಅಷ್ಟು ಗಂಭೀರವಾಗಿ ಮಾಡಬೇಕಾದ ಸತ್ಯವೇನು ಇದು ಎಂದು ಅವ್ವ ಅಡುಗೆಮನೆಯಲ್ಲಿ ಗೊಣಗಿದಳು. ಅವತ್ತಿನಿಂದ ವ್ಯಾನಿಗೂ ಮಗ್ಗದ ಕಟ್ಟಳೆಯೇ ಆಯಿತು. ಆ ವ್ಯಾನಿನಲ್ಲಿ ಡ್ರೈವರಿನ ಪಕ್ಕದ ಸೀಟು ಎತ್ತಿದರೆ ಕೆಳಗೆ ಎಂಜಿನ್ನು. ಸೀಟು ಎತ್ತುವ ಮೊದಲು ಎಂಜಿನ್ನು ಆರಿಸಬೇಕು, ಕೀಲಿ ಅತ್ತೆಗೆ ಕೊಡಬೇಕು, ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಬೇಕು. ಸೀಟು ಮುಚ್ಚಿ ಎಲ್ಲರೂ ಕೈ ತೋರಿಸಿದರೆ ಗಂಟು ಬಿಚ್ಚುವುದು.

ಅಪ್ಪ ಮೂರು ಬೀದಿಯ ಎಂಟು ಹೆಂಗಸರನ್ನು ಬೆಳಿಗ್ಗೆ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಬಿಟ್ಟು ಸಂಜೆ ಕರೆತರುವ ಕೆಲಸ ಹಿಡಿದ. ಅವನನ್ನು ಅಷ್ಟು ಖುಷಿಯಲ್ಲಿ ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಅಂಗಿಯ ತೋಳು ಮಡಿಸಿ, ಮೊಣಕೈ ಕಿಟಕಿಯ ಮೇಲಿಟ್ಟು, ಸಣ್ಣ ಕಾಲನ್ನು ಆರಾಮವಾಗಿ ಮಡಿಸಿಕೊಂಡು ಕೂರುತ್ತಿದ್ದ. ಸ್ಟೇರಿಂಗಿನ ಹಿಂದೆ ಕೂತವನ ಕಾಲು ಯಾರಿಗೂ ಕಾಣುವುದಿಲ್ಲ. ಭಾನುವಾರ ನಮ್ಮನ್ನು ಕುನ್ನತ್ತೂರಿನ ಅವ್ವನ ತವರಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಇಳಿದು ಕುಂಟುತ್ತಾ ನಡೆದರೂ ಅವನ ಕೈಯಲ್ಲಿ ಕೀಲಿ ತಿರುಗುತ್ತಿರುತ್ತಿತ್ತು. ಮಾವಂದಿರು ಅವನನ್ನು ಕೂರಿಸಿ ಮಾತನಾಡಿಸತೊಡಗಿದ್ದೇ ಆಗ.

ಅದೆಲ್ಲ ಏಳೆಂಟು ತಿಂಗಳು. ಆಮೇಲೆ ಶುರುವಾಯಿತು ನಮ್ಮ ಗೋಳು. ಬೆಳಿಗ್ಗೆ ಎಂಜಿನ್ನು ಹಚ್ಚಿ ಗೇರಿನ ಹಿಡಿಯನ್ನು ಮುಂದೆ ಹೋಗುವ 'ಡಿ'ಗೆ ಎಳೆದರೆ ವ್ಯಾನು ಕದಲುತ್ತಿರಲಿಲ್ಲ. ಎಂಜಿನ್ನು ಓಡುತ್ತಿರುತ್ತದೆ, ವ್ಯಾನು ಮಾತ್ರ ಯೋಚನೆ ಮಾಡುತ್ತಾ ನಿಂತಿರುತ್ತದೆ. ಒಂದಷ್ಟು ಹೊತ್ತಾದ ಮೇಲೆ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಜಗ್ಗಿ ಹೊರಡುವುದು. ಹೆಂಗಸರು ಇದನ್ನು ಆಟ ಮಾಡಿಕೊಂಡರು. ಅಪ್ಪ ಹಿಡಿ ಎಳೆದ ಕೂಡಲೇ ಎಂಟೂ ಜನ ಒಂದೇ ಸ್ವರದಲ್ಲಿ "ಒಣ್ಣು, ರೆಂಡು, ಮೂಣು" ಎಂದು ಎಣಿಸುವರು. ಮೊದಲು ಐದಕ್ಕೆ ಹೊರಡುತ್ತಿತ್ತು. ಏಪ್ರಿಲ್ಲಿನ ಚಿತ್ತಿರೈ ಹಬ್ಬದ ಹೊತ್ತಿಗೆ ಹನ್ನೆರಡಾಯಿತು. ಇಪ್ಪತ್ತಾದಾಗ ಯಾರೂ ನಗುತ್ತಿರಲಿಲ್ಲ. ಏರಿನಲ್ಲಿ ಇನ್ನೊಂದು ರೋಗ. ಎಂಜಿನ್ನು ಕಿರುಚುತ್ತದೆ, ಚಕ್ರ ತಿರುಗುವುದಿಲ್ಲ. ಒಂದು ಗಂಟೆ ಬೇವಿನ ಮರದಡಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ನಡೆಯುತ್ತದೆ. ತಡವಾದರೆ ಹೆಂಗಸರನ್ನು ಕಂಪನಿಯ ಗೇಟಿನೊಳಗೆ ಬಿಡುತ್ತಿರಲಿಲ್ಲ. ಮಾರಾತ್ತಾಳ್ ಎಂಬ ಹಿರಿಯ ಹೆಂಗಸು ಹೊಲಿಗೆಯವಳು, ಬಾಯಿ ಜೋರು. ಒಂದು ದಿನ ಏರಿನಲ್ಲಿ ಇಳಿದು ನಡೆಯುತ್ತಾ, ಈ ಬಂಡಿಗಿಂತ ನಿನ್ನ ಕಾಲೇ ವಾಸಿ ಅಣ್ಣಾ, ದಿನಾ ಒಂದೇ ಥರ ಕುಂಟುತ್ತದೆ ಅಂದಳು. ಅಪ್ಪನೂ ನಕ್ಕ. ಮನೆಗೆ ಬಂದು ಊಟ ಬೇಡವೆಂದ.

ಅಪ್ಪ ಕಷ್ಟಪಡಲಿಲ್ಲವೆಂದಲ್ಲ. ಅವನಷ್ಟು ಶ್ರದ್ಧೆಯಿಂದ ತಪ್ಪು ಮಾಡಿದವರನ್ನು ನಾನು ಕಂಡಿಲ್ಲ. ವ್ಯಾನಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಗೇರಿನ ಪೆಟ್ಟಿಗೆಯ ಎಣ್ಣೆ, ಕುಂಕುಮದ ನೀರಿನಂತೆ ಕೆಂಪು. ಎಲ್ಲಿಂದಲೋ ಸೋರುತ್ತಿದೆ ಎನ್ನುವುದು ಸ್ಪಷ್ಟ, ಅದಕ್ಕೆ ಬೇಕಾದ ರಬ್ಬರಿನ ಬಳೆ ಕೊಯಮತ್ತೂರಿನಲ್ಲೆಲ್ಲೂ ಸಿಗಲಿಲ್ಲ. ಹಾಗಾಗಿ ಅಪ್ಪ ದಿನಾ ಬೆಳಿಗ್ಗೆ ಎಣ್ಣೆಯ ಮಟ್ಟ ನೋಡುತ್ತಿದ್ದ. ಕೀಲಿ ಅತ್ತೆಯ ಸೆರಗಿಗೆ ಹೋಗುತ್ತದೆ, ಸೀಟು ಏಳುತ್ತದೆ, ಅಪ್ಪ ಉದ್ದನೆಯ ಅಳತೆ ಕಡ್ಡಿ ಎಳೆದು, ಬನಿಯನ್ ಚಿಂದಿಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಬೆಳಕಿಗೆ ಹಿಡಿಯುತ್ತಾನೆ. ಗೆರೆಯವರೆಗೆ ಒದ್ದೆ. ಕಡಿಮೆ ಅನ್ನಿಸಿದರೆ ಗೆರೆ ಮುಟ್ಟುವಷ್ಟು ಹೊಯ್ಯುತ್ತಾನೆ, ಒಂದು ತೊಟ್ಟು ಹೆಚ್ಚಿಲ್ಲ. ಎಣ್ಣೆ ಸರಿಯಾಗಿದೆ ಎಂದ ಮೇಲೆ ತೊಂದರೆ ಬೇರೆಲ್ಲೋ ಇರಬೇಕು ಎಂದು ಮೆಕ್ಯಾನಿಕ್ಕುಗಳ ಹಿಂದೆ ಬಿದ್ದ. ಒಬ್ಬ ಆಕ್ಸಿಲರೇಟರಿನ ಕೇಬಲ್ಲು ಬಿಗಿ ಮಾಡಿದ. ಇನ್ನೊಬ್ಬ ಕೆಳಗಿನ ತಟ್ಟೆ ಬಿಚ್ಚಿ ಜಾಲರಿ ತೊಳೆದು ಎರಡು ಬೋಲ್ಟು ಉಳಿಸಿಕೊಂಡ. ಅವ್ವ ಕುಂಬಳಕಾಯಿ ನಿವಾಳಿಸಿ ಬೀದಿಯಲ್ಲಿ ಒಡೆದಳು. ಕೊನೆಗೆ ಸೂಲೂರಿನಲ್ಲಿ ಮಲೇಷ್ಯಾದಲ್ಲಿ ದುಡಿದು ಬಂದ ಒಬ್ಬ ಮುದುಕ ಮೆಕ್ಯಾನಿಕ್ಕು ಇದ್ದಾನೆಂದು ಕೇಳಿ ಅಪ್ಪ ಒಬ್ಬನೇ ಹೋಗಿ ಬಂದ. ಏನಂದ ಎಂದು ಅವ್ವ ಕೇಳಿದ್ದಕ್ಕೆ, "ಎಲ್ರೂ ಅಂದದ್ದೇ. ಎಣ್ಣೆ ನೋಡ್ಕೋ ಅಂದ," ಎಂದು ಕೈ ತೊಳೆಯಲು ಹೋದ.

ಆ ದಿನಗಳ ದಣಿವು ಈಗ ಬರೆಯುವಾಗಲೂ ನನ್ನ ಮೈಗೆ ಬರುತ್ತದೆ. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ವ್ಯಾನು ಹೊರಡುತ್ತದೋ ಇಲ್ಲವೋ, ಸಂಜೆ ಆರಾದರೆ ಎಲ್ಲಿ ನಿಂತಿದೆಯೋ. ಅವ್ವ ಅನ್ನ ಬೇಳೆ ಒಟ್ಟಿಗೆ ಹಾಕಿ ಬೇಯಿಸಿಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಅದು ತಣ್ಣಗಾಗಿ ಗಟ್ಟಿಯಾಗಿ, ಮತ್ತೆ ನೀರು ಹಾಕಿ ಬಿಸಿ ಮಾಡಿ, ಮತ್ತೆ ಗಟ್ಟಿಯಾಗುತ್ತಿತ್ತು. ಎಂಟು ಹೆಂಗಸರಲ್ಲಿ ಮೂವರು ಬಸ್ಸು ಹಿಡಿದರು. ಉಳಿದವರೂ ಈ ತಿಂಗಳು ನೋಡುತ್ತೇವೆ ಅಂದರು. ಅವರೂ ಬಿಟ್ಟರೆ ವ್ಯಾನು ಮಾರುವುದೇ, ಅಪ್ಪ ಮತ್ತೆ ಮಗ್ಗದ ನಡುವೆ ನಿಲ್ಲುವುದೇ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಊಟಕ್ಕೆ ಕೂತ ನಾಲ್ವರಿಗೂ ಅದು ಗೊತ್ತಿತ್ತು. ಅವ್ವ ಅಪ್ಪನ ತಟ್ಟೆ ನೋಡುತ್ತಿದ್ದಳು, ಅಪ್ಪ ಗೋಡೆ ನೋಡುತ್ತಿದ್ದ.

ನನಗೆ ಆಗ ಹನ್ನೆರಡು. ಎಲ್ಲದಕ್ಕೂ ಯಾಕೆ, ಏನು ಎಂದು ಕೇಳುವ ಚಾಳಿ. ಏನನ್ನೂ ಕೇಳದವರ ಮನೆಯಲ್ಲಿ ಹೀಗೊಬ್ಬಳು ಎಲ್ಲಿಂದ ಹುಟ್ಟಿದಳೋ ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮುಂದೆ ಇಪ್ಪತ್ತಾರು ವರ್ಷ ಬಟ್ಟೆ ತಪಾಸಣೆಯ ವಿಭಾಗದಲ್ಲಿ ಕೂತು ಈ ಹೊಲಿಗೆ ಯಾಕೆ ಹೀಗಿದೆ ಎಂದು ಕೇಳುತ್ತಾ ಅನ್ನ ಸಂಪಾದಿಸಿದ್ದು ಆ ಚಾಳಿಯಿಂದಲೇ. ವ್ಯಾನಿನ ಜೊತೆ ಒಂದು ಪುಸ್ತಕ ಬಂದಿತ್ತು, ಜಪಾನಿನ ಅಕ್ಷರಗಳದ್ದು. ನಾನು ಅದರ ಚಿತ್ರಗಳನ್ನು ನೋಡುತ್ತಾ ಕೂರುತ್ತಿದ್ದೆ. ಒಂದು ಪುಟದಲ್ಲಿ ಅಳತೆ ಕಡ್ಡಿಯ ಚಿತ್ರ, ಗೆರೆಗಳು, ಪಕ್ಕದಲ್ಲಿ ಸಮನೆಲದ ಮೇಲೆ ನಿಂತ ವ್ಯಾನು. ಆ ವ್ಯಾನಿನ ಹಿಂದಿನ ಕೊಳವೆಯಿಂದ ಮೂರು ಸಣ್ಣ ಹೊಗೆಯ ಸುರುಳಿ ಬರೆದಿದ್ದರು. ಉಳಿದ ಪುಟಗಳಲ್ಲಿ, ಚಕ್ರ ಬಿಚ್ಚುವ ಕಡೆ, ಬಲ್ಬು ಹಾಕುವ ಕಡೆ ಎಲ್ಲೂ ಹೊಗೆ ಇರಲಿಲ್ಲ. ನಾನು ಪುಸ್ತಕ ಹಿಡಿದು ಅಪ್ಪನ ಹತ್ತಿರ ಓಡಿದೆ.

"ಅಪ್ಪಾ, ಇಲ್ಲಿ ನೋಡು. ಎಣ್ಣೆ ನೋಡುವಾಗ ಎಂಜಿನ್ ಓಡ್ತಾ ಇರ್ಬೇಕಂತೆ. ಹೊಗೆ ಬರ್ದವ್ರೆ."

ಅಪ್ಪ ಚಿತ್ರವನ್ನು ನೋಡಿದ. ಅತ್ತೆ ಮಗ್ಗದ ಆಚೆ ಬದಿಯಲ್ಲಿದ್ದಳು. ಅವನು ಪುಸ್ತಕ ಮುಚ್ಚಿ ಮೇಲಿನ ಗೂಡಿಗೆ ತಳ್ಳಿದ.

"ಅದು ಸುಮ್ಮಾ ಬರ್ದಿರೋದು. ಓಗಿ ಓದ್ಕೋ."

ನನಗೆ ಸಿಟ್ಟು ಬಂತು. ದೊಡ್ಡವರು ತಮಗೆ ಹೊಳೆಯದ್ದನ್ನು ಮಕ್ಕಳು ಕಂಡುಹಿಡಿದರೆ ಸಹಿಸುವುದಿಲ್ಲ ಎಂದುಕೊಂಡೆ. ಎರಡು ವಾರ ಹಲ್ಲು ಕಚ್ಚಿ ಸುಮ್ಮನಿದ್ದೆ. ಆಮೇಲೆ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಬೀದಿಯ ಎಲ್ಲ ಮಗ್ಗಗಳಿಗೂ ರಜೆ. ಆ ಒಂದು ದಿನ ನಮ್ಮ ಬೀದಿಯಲ್ಲಿ ಕಾಗೆಯ ಕೂಗು ಕೇಳುತ್ತಿತ್ತು, ಪಕ್ಕದ ಮನೆಯ ರೇಡಿಯೋ ಕೇಳುತ್ತಿತ್ತು. ಅವ್ವ ಎಡೆಗೆ ವಡೆ ಕರಿಯುತ್ತಿದ್ದಳು. ಅಪ್ಪ ಬಾಳೆಎಲೆ ತರಲು ಹೋಗಿದ್ದ, ನಡೆದೇ. ಅತ್ತೆ ಸುಮ್ಮನಿದ್ದ ಮಗ್ಗದ ಪಕ್ಕ ಕೂತು ಹೂ ಕಟ್ಟುತ್ತಿದ್ದಳು. ನಾನು ಗೂಡಿನಿಂದ ಪುಸ್ತಕ ತೆಗೆದು ಅವಳ ಮಡಿಲಲ್ಲಿ ಇಟ್ಟು, ಮೂರು ಸುರುಳಿ ತೋರಿಸಿ, ನೇರವಾಗಿ ಕೇಳಿಬಿಟ್ಟೆ.

"ಅತ್ತೆ, ಎಂಜಿನ್ ಓಡುವಾಗ ಕಡ್ಡಿ ಎಳ್ದು ನೋಡ್ಬೇಕು. ಇಲ್ದಿದ್ರೆ ಅಪ್ಪಂಗೆ ವಂಡಿ ಇರಲ್ಲ. ಒಂದ್ಸಲ ಬುಡ್ತೀಯಾ?"

ಅತ್ತೆ ಚಿತ್ರ ನೋಡಿದಳು. ಹೂವಿನ ಬುಟ್ಟಿ ಪಕ್ಕಕ್ಕಿಟ್ಟಳು. ಬೇಡ ಎನ್ನುತ್ತಾಳೆಂದು ನಾನು ವಾದಕ್ಕೆ ತಯಾರಾಗಿ ನಿಂತಿದ್ದೆ.

"ನಿನ್ನ ಕೈ ಎಷ್ಟು ದೂರ ಓಗ್ತದೆ?"

"ಕಡ್ಡಿ ಮೇಲೇ ಅದೆ. ಒಳಗೆ ಓಗಲ್ಲ."

"ಸರಿ, ಬಾ," ಅಂದಳು.

ಅಪ್ಪ ವ್ಯಾನಿನಲ್ಲಿ ಕೂತಾಗ ಎಷ್ಟೋ ಸಲ ಎಂಜಿನ್ನು ಹಚ್ಚಿ ಕೊಟ್ಟಿದ್ದೆ. ಗೂಡಿನಲ್ಲಿದ್ದ ಕೀಲಿ ತಂದು, ಹಿಡಿ ವ್ಯಾನು ನಿಲ್ಲಿಸುವ 'ಪಿ'ಯಲ್ಲಿದೆಯೇ ನೋಡಿ ತಿರುಗಿಸಿದೆ. ಸೀಟು ಎತ್ತಿದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು, ಬೆಲ್ಟು ತಿರುಗುತ್ತಿತ್ತು. ಅತ್ತೆ ಬಂದು ನನ್ನ ಎಡಗೈ ಮಣಿಕಟ್ಟನ್ನು ತನ್ನ ಮೂರು ಬೆರಳಿನಿಂದ ಹಿಡಿದಳು. ಅವಳ ಕೈ ನೀರಾಗಿತ್ತು. ಮೂಗಿನ ಮೇಲೆ, ತುಟಿಯ ಮೇಲೆ ಬೆವರು. ಕಣ್ಣು ಮುಚ್ಚಲಿಲ್ಲ, ನನ್ನ ಬಲಗೈಯನ್ನೇ ನೋಡುತ್ತಾ ನಿಂತಳು. ನಾನು ಕಡ್ಡಿ ಎಳೆದು, ಒರೆಸಿ, ಅದ್ದಿ ತೆಗೆದೆ. ತುದಿಯಲ್ಲಿ ಒಂದು ಹನಿ, ಅದೂ ಕಾಫಿ ಡಿಕಾಕ್ಷನ್ನಿನ ಬಣ್ಣ, ಸುಟ್ಟ ವಾಸನೆ. ಮೇಲೆ ಗೆರೆಯವರೆಗೆ ಒಣಗಿತ್ತು. ನೀರೆತ್ತುವ ಮೋಟಾರು ನಿಲ್ಲಿಸಿದರೆ ಪೈಪಿನ ನೀರೆಲ್ಲ ಬಾವಿಗೇ ಇಳಿಯುವ ಹಾಗೆ, ಎಂಜಿನ್ನು ಆರಿಸಿದಾಗ ಮೇಲಿದ್ದ ಎಣ್ಣೆಯೆಲ್ಲ ಕೆಳಗಿಳಿದು ಪೆಟ್ಟಿಗೆ ತುಂಬಿದಂತೆ ಕಾಣುತ್ತಿತ್ತು. ಓಡುವಾಗ ಅದರೊಳಗೆ ಎಣ್ಣೆಯೇ ಸಾಲದು. ತಿಂಗಳುಗಟ್ಟಲೆ ನಾವು ಒಣಗಿದ ಗೇರಿನ ಮೇಲೆ ವ್ಯಾನು ಓಡಿಸುತ್ತಿದ್ದೆವು. ನನಗೆ ಗೆದ್ದ ಖುಷಿ. "ಅತ್ತೇ, ನೋಡು!" ಎಂದು ಕೂಗಿ ತಿರುಗಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದ, ಕಂಕುಳಲ್ಲಿ ಬಾಳೆಎಲೆ.

ಎಲೆ ಬಿದ್ದವು. ಅವನು ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ. ಎಂಜಿನ್ನು ಆರಿಸಿ, ಕೀಲಿ ಕಿತ್ತು, ನನ್ನ ಕೆನ್ನೆಗೆ ಬಾರಿಸಿದ. ಅಪ್ಪ ನನಗೆ ಹೊಡೆದದ್ದು ಅದೊಂದೇ ಸಲ.

"ಅಕ್ಕನ್ನ ಕೇಳ್ದೆಯಾ ನೀನು? ಅಕ್ಕನ್ನ ಓಗಿ ಕೇಳ್ದೆಯಾ?"

"ಕೇಳ್ದೆ. ಸರಿ ಅಂದ್ಳು!" ಎಂದು ನಾನೂ ಕೂಗಿದೆ.

ಅತ್ತೆ ನನ್ನ ಕೈ ಬಿಟ್ಟು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಅವಳು ವಾಂತಿ ಮಾಡುವ ಸದ್ದು, ಮಗ್ಗಗಳು ನಿಂತಿದ್ದರಿಂದ, ನಮ್ಮೆಲ್ಲರಿಗೂ ಕೇಳಿಸಿತು. ಅವ್ವ ಜಾಲರಿ ಸೌಟು ಹಿಡಿದು ಹೊರಗೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಅತ್ತೆ ಮುಖ ತೊಳೆದು ಬಂದಳು.

"ಎಣ್ಣೆ ಉಯ್ಯಿ ರಂಗಾ. ಓಡ್ತಾ ಇರುವಾಗ್ಲೇ ಉಯ್ಯಿ. ನಾನು ನೋಡ್ತಾ ನಿಂತಿರ್ತೀನಿ."

ಅಪ್ಪ ಹೊಯ್ದ. ಅರ್ಧ ನೆಲಕ್ಕೆ ಚೆಲ್ಲಿತು. ಸಂಜೆ ಹಿಡಿ ಎಳೆದ ಕೂಡಲೇ ವ್ಯಾನು ಹೊರಟಿತು, ಎಣಿಸಲು ಬಾಯಿ ತೆರೆಯುವಷ್ಟರಲ್ಲಿ ಬೀದಿಯ ತಿರುವಿನಲ್ಲಿತ್ತು. ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಮಾರಾತ್ತಾಳ್ ನನಗೊಂದು ಬನಿಯನ್ ಬಟ್ಟೆಯ ಗೌನು ಹೊಲಿದುಕೊಟ್ಟಳು. ಮೂರು ದಿನಕ್ಕೊಮ್ಮೆ ಎಣ್ಣೆ ನೋಡುವುದೆಂದಾಯಿತು. ಆ ದಿನಗಳಲ್ಲಿ ಅತ್ತೆ ಬಂದು ಎದುರಿಗೆ ನಿಲ್ಲುತ್ತಿದ್ದಳು. ಬೇಡ, ಒಳಗೆ ಹೋಗು ಎಂದು ಅವ್ವ ಕೂಡ ಹೇಳಿದಳು, ಅವಳು ಹೋಗಲಿಲ್ಲ. ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ, ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ನಾನು ಅದನ್ನು ನೋಡಿದೆ, ಆದರೆ ಗೆದ್ದವಳ ಕಣ್ಣಿನಿಂದ ನೋಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹದಿನಾರು ದಿನ ವ್ಯಾನು ಚೆನ್ನಾಗಿ ಓಡಿತು. ಹದಿನೇಳನೆಯ ದಿನ ಹೆಂಗಸರನ್ನು ಇಳಿಸಿ ಬರುವಾಗ ಒಳಗೆ ಏನೋ ಕಳಚಿದ ಸದ್ದಾಗಿ ನಿಂತಿತು. ಮರದಡಿ ಒಂದು ಗಂಟೆ ನಿಲ್ಲಿಸಿದರೂ, ಎರಡು ಗಂಟೆ ನಿಲ್ಲಿಸಿದರೂ ಕದಲಲಿಲ್ಲ. ಲಾರಿಗೆ ಕಟ್ಟಿ ಸೂಲೂರಿಗೆ ಎಳೆಸಿದರು. ಅವತ್ತು ಶನಿವಾರ, ಸ್ಕೂಲಿಲ್ಲ, ನಾನೂ ಹಟ ಮಾಡಿ ಅಪ್ಪನ ಜೊತೆ ಹೋದೆ. ಮುದುಕ ಮೆಕ್ಯಾನಿಕ್ಕು ಪೆಟ್ಟಿಗೆ ಬಿಚ್ಚಿ ಒಳಗಿನ ಬಿಲ್ಲೆಗಳನ್ನು ತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟ. ಎಲ್ಲವೂ ಕಪ್ಪಗೆ ಸುಟ್ಟು ಮೈ ಉದುರುತ್ತಿದ್ದವು. ಇದಕ್ಕೆ ಬೇರೆ ಸಾಮಾನು ಸಿಗುವುದಿಲ್ಲ, ಕಬ್ಬಿಣದ ಲೆಕ್ಕಕ್ಕೆ ಕೊಟ್ಟುಬಿಡು ಅಂದ. ಆಮೇಲೆ ಅಪ್ಪನ ಮುಖ ನೋಡಿದ.

"ಅನ್ನೈಕ್ಕೇ ಸೊನ್ನೇನೇ ತಂಬಿ."

ಅವತ್ತೇ ಹೇಳಿದೆನಲ್ಲ ಎಂದ. ಎಂಜಿನ್ನು ಓಡುವಾಗಲೇ ಎಣ್ಣೆ ನೋಡಬೇಕು ಎಂದು ಅವನು ಮೊದಲ ದಿನವೇ ಹೇಳಿದ್ದನಂತೆ. ನೋಡಿ ತೋರಿಸುತ್ತೇನೆ ಎಂದು ಸೀಟು ಎತ್ತಿದರೆ ಅಪ್ಪ ಎಂಜಿನ್ನು ಆರಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡನಂತೆ, ನಮ್ಮ ಮನೆಯಲ್ಲಿ ಹಾಗೆ ಮಾಡುವುದಿಲ್ಲ ಅಂದನಂತೆ. ಆಗ ಸರಿಯಾಗಿ ನೋಡಿಕೊಂಡಿದ್ದರೆ ಈ ಬಂಡಿ ಇನ್ನೂ ಹತ್ತು ವರ್ಷ ಓಡುತ್ತಿತ್ತು ಎಂದು ಮುದುಕ ಬೇಸರದಿಂದ ಕೈ ಒರೆಸಿಕೊಂಡ. ಅಪ್ಪ ತಲೆಯಾಡಿಸಿದ.

ನಾವು ಬಸ್ಸಿನಲ್ಲಿ ವಾಪಸು ಬಂದೆವು. ಅಪ್ಪ ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ. ಮುಂದಿನ ವಾರದಿಂದ ಉಳಿದ ಎರಡು ಮಗ್ಗಗಳ ನಡುವೆ ನಿಂತವನು ಕೈಲಾಗುವವರೆಗೂ ಅಲ್ಲೇ ನಿಂತ. ಬಸ್ಸು ತುಂಬಿತ್ತು, ಯಾರೋ ಅವನ ಕಾಲು ನೋಡಿ ಎದ್ದು ಸೀಟು ಬಿಟ್ಟರು. ಒಂದೂವರೆ ವರ್ಷದಿಂದ ಹಾಗೆ ಅವನಿಗೆ ಯಾರೂ ಸೀಟು ಬಿಟ್ಟಿರಲಿಲ್ಲ. ಅವನು ಕೂತ, ನಾನು ಕಂಬಿ ಹಿಡಿದು ಪಕ್ಕದಲ್ಲಿ ನಿಂತೆ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬರುತ್ತಿತ್ತು. ಗೊತ್ತಿತ್ತು ಇವನಿಗೆ. ನಾನು ಚಿತ್ರ ತೋರಿಸುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಸುಳ್ಳು ಹೇಳುವ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಲ್ಲಡಂ ಹತ್ತಿರ ಬರುವವರೆಗೆ ತಡೆದುಕೊಂಡೆ, ಆಮೇಲೆ ಆಗಲಿಲ್ಲ.

"ಯಾಕಪ್ಪಾ? ಅತ್ತೆಗೆ ಮಾಡಿದ ಸತ್ಯ ಅಂತಾನಾ? ಆ ಸತ್ಯ ಬುಟ್ಟುಬುಡು ಅಂತ ನೀನು ಅತ್ತೇನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ. ನಾನು ಕೇಳಿದ್ದಕ್ಕೇ ಸರಿ ಅಂದ್ಳು. ನೀನು ಕೇಳಿದ್ರೆ ಇಲ್ಲ ಅಂತಿದ್ಳಾ?"

ಅಪ್ಪ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತುಂಬಾ ಸುಸ್ತಾಗಿದ್ದ.

"ಇಲ್ಲ ಅಂತಿರ್ಲಿಲ್ಲ ಕಣಮ್ಮಾ," ಅಂದ. "ಅದ್ಕೇ ಕೇಳ್ಲಿಲ್ಲ."